ಪಾಠ ಬರೆಯುವ ಮುಂಚೆ ಪಾಠ ಮಾಡು

ಪ್ರೀತಿಯ ಮಗಳೇ,

ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿನ್ನಪ್ಪ ಸಿಕ್ಕಿದ್ದರು. ಬಿ.ಎಡ್. ಮುಗಿಸಿದ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಪಾಠ ಬರೆಯಲು ಸೇರುತ್ತಿದ್ದಾಳೆ ಎಂದರು. ನಿನಗೆ ಕಲಿಸಿದ ಈ ಮೇಷ್ಟ್ರಿಗೆ ಖುಷಿಯಾಗಬೇಕಿತ್ತು; ಆದದ್ದು ಕಸಿವಿಸಿ. ಹೋಗು, ಬೇಡ ಎನ್ನಲು ಈ ಮೇಷ್ಟ್ರು ಯಾರು? ನೀನು ಎರಡೂ ಕಡೆ ತೂಗಿ ನೋಡಲಿ ಅಂತಷ್ಟೇ ಈ ಕಾಗದ.

ಮೇಷ್ಟ್ರು ಕೆಜಿಎಫ್‌ಗೆ ಬಂದಾಗ ಚಿನ್ನದ ಗಣಿ ಇನ್ನೂ ನಡೆಯುತ್ತಿತ್ತು. ಮೂರು ಕಿಲೋಮೀಟರಿಗೂ ಆಳವಿದ್ದ ಚಾಂಪಿಯನ್ ರೀಫ್ ಗಣಿಗೆ ಇಳಿಯುವವರ ಮಕ್ಕಳು ಮೇಷ್ಟ್ರ ತರಗತಿಯಲ್ಲಿದ್ದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಆಟದಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ. ಒಂದು ದಿನ ಭೂಕಂಪದ ಪಾಠ. ಪುಸ್ತಕದಲ್ಲಿದ್ದದ್ದು ಜಪಾನ್. ಹಿಂದಿನ ಬೆಂಚಿನ ಹುಡುಗ ಎದ್ದು, ‘ಸಾರ್, ರಾತ್ರಿ ನಮ್ಮ ಲೈನ್ ಮನೇಲಿ ಪಾತ್ರೆ ಎಲ್ಲಾ ಬಿದ್ವು. ಅದೂ ಭೂಕಂಪಾನಾ?’ ಎಂದ.

ಅದು ರಾಕ್ ಬರ್ಸ್ಟ್. ಅಗೆದು ಟೊಳ್ಳಾದ ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದು. ಅವನಪ್ಪ ಆ ರಾತ್ರಿ ಶಿಫ್ಟಿನಲ್ಲಿದ್ದ. ಮೇಷ್ಟ್ರು ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ ಶಾಫ್ಟು ಬರೆದರು. ಟೊಳ್ಳು ಎಲ್ಲೆಲ್ಲಿದೆ ಎಂದು ಗುರುತು ಹಾಕಿದವರು ಮಕ್ಕಳೇ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಮ್ಮಿಯಾದವು. ಉಳಿದವರ ಅಪ್ಪಂದಿರು ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಬರುತ್ತಿದ್ದದ್ದು ರಾತ್ರಿ. ಹೋಂವರ್ಕ್ ಹೇಳಿಕೊಡುವವರಿಲ್ಲ. ಆಗ ಮೇಷ್ಟ್ರು, ಮಗು ತಾನೊಂದೇ ಕೂತು ಮಾಡಬಲ್ಲ ಅಭ್ಯಾಸದ ಹಾಳೆಗಳನ್ನು ಬರೆಯತೊಡಗಿದರು. ಬರೆಯುತ್ತಾ ಕಲಿತದ್ದು: ಒಂದೇ ವಾಕ್ಯದಲ್ಲಿ ಎರಡು ಕೆಲಸ ಹೇಳಿದರೆ ಮಗು ಎರಡನೆಯದನ್ನು ಬಿಟ್ಟೇಬಿಡುತ್ತದೆ. ಇದು ಯಾವ ಬಿ.ಎಡ್. ನೋಟ್ಸಿನಲ್ಲೂ ಅವರಿಗೆ ಸಿಕ್ಕಿರಲಿಲ್ಲ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಕಲಿಕಾ ಪದ್ಧತಿಯನ್ನೇ ನೋಡು. ನಮ್ಮ ಗಡಿಯಾಚೆಯ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಪದ್ಧತಿಯಿಂದ ಪ್ರೇರಣೆ ಪಡೆದು, ಕಾರ್ಡುಗಳನ್ನು ಬರೆದವರು ದಿನವೂ ಪಾಠ ಮಾಡುವ ಶಿಕ್ಷಕರು. ಮಗು ಕಲಿಕಾ ಏಣಿ ನೋಡಿ, ತನ್ನ ಕಾರ್ಡು ತಾನೇ ಎತ್ತಿಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂರುತ್ತದೆ. ಮುಂದೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು.

ನೀನೋ, ನೆಟ್ಟಗೆ ಒಂದು ವರ್ಷ ಚಾಕ್‌ಪೀಸ್ ಹಿಡಿದವಳಲ್ಲ! ದಿನಕ್ಕೆ ಇಷ್ಟು ಪ್ರಶ್ನೆ ಎಂಬ ಟಾರ್ಗೆಟ್ ಇಟ್ಟುಕೊಂಡು ಯಾರ ಮಗುವಿಗೆ ಬರೀತೀಯ? 2022ರಲ್ಲಿ ಆನ್‌ಲೈನ್ ಪಾಠದ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದ್ದು ಮರೆತುಹೋಯಿತಾ?

ಬೇಜಾರಾಗಬೇಡ. ಮನೆಯ ಸಾಲ, ತಮ್ಮನ ಫೀಸು ಮೇಷ್ಟ್ರಿಗೆ ಗೊತ್ತಿಲ್ಲದ್ದಲ್ಲ. ಪುಟ್ಟ ಖಾಸಗಿ ಶಾಲೆ ಕೊಡುವ ಸಂಬಳದಲ್ಲಿ ಅದ್ಯಾವುದೂ ತೀರದು. ಕಂಪನಿಯಲ್ಲಿ ಚಿತ್ರ ಬರೆಯುವವರು, ತಿದ್ದುವವರ ಜತೆ ಕೂತು ಕಲಿಯುವುದೂ ಇದೆ. ಆದರೂ ಎರಡು ವರ್ಷ ಶಾಲೆಯಲ್ಲಿರು. ಆಮೇಲೆ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿಯೋ, ಪಠ್ಯಪುಸ್ತಕ ಸಂಘವೋ, ಅದೇ ಕಂಪನಿಯೋ, ಎಲ್ಲಿಗಾದರೂ ಬರೆಯುವೆಯಂತೆ.

ಈಗಲೇ ಸೇರಲೇಬೇಕೆಂದಿದ್ದರೆ, ರಜೆ ಸಿಕ್ಕ ಶನಿವಾರ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಶಾಲೆಯೊಂದಕ್ಕೆ ಬಾ. ನೀನು ಬರೆದ ಹಾಳೆಯನ್ನು ಮಕ್ಕಳ ಕೈಗೆ ಕೊಟ್ಟು, ಬಾಯಿ ಬಿಡದೆ ಕೂತು ನೋಡು. ಹೆಡ್‌ಮಾಸ್ಟರಿಗೆ ಹೇಳುವ ಜವಾಬ್ದಾರಿ ಮೇಷ್ಟ್ರದು. ಯಾವ ಶನಿವಾರ ಅಂತ ಮಾತ್ರ ಫೋನ್ ಮಾಡಿ ತಿಳಿಸು.

ಇಂತಿ,
ನಿನ್ನ ಮೇಷ್ಟ್ರು