ಐಸಿಯುವಿನ ಶೇಕಡಾ ಲೆಕ್ಕ ಮತ್ತು ನಮ್ಮ ನಿಧಿ



ವೈದ್ಯಕೀಯ ನೆರವು ಸಮಿತಿಯಲ್ಲಿ ಅರ್ಜಿಗಳನ್ನು ನೋಡುವ ನನಗೆ ದಾನಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಐಸಿಯುವಿನಲ್ಲಿರುವ ರೋಗಿ ಉಳಿಯುವ ಸಾಧ್ಯತೆ ಶೇಕಡಾ ಎಷ್ಟು? ಡಾಕ್ಟರರನ್ನು ಕೇಳಿದ್ದೀರಾ?" ಕಟುವಾಗಿ ಕಂಡರೂ ಇದು ಅನ್ಯಾಯದ ಪ್ರಶ್ನೆಯಲ್ಲ. ನಿಧಿ ಚಿಕ್ಕದು, ಅರ್ಜಿಗಳು ಹಲವು. ಈಗ ಕಂಪ್ಯೂಟರೇ ಇದನ್ನು ಮೊದಲೇ ಹೇಳಬಲ್ಲದು ಎಂದು ಪತ್ರಿಕೆಗಳಲ್ಲಿ ಬರುತ್ತಿರುವುದರಿಂದ, ಆ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ತಮ್ಮ ಮುಂದಿಡುತ್ತಿದ್ದೇನೆ.

ಲೆಕ್ಕ ಹೊಸದಲ್ಲ. 1985ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ 'ಅಪಾಚೆ-2' ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಮೊದಲ 24 ಗಂಟೆಗಳಲ್ಲಿ ಜ್ವರ, ರಕ್ತದೊತ್ತಡ, ನಾಡಿ, ಉಸಿರು, ಸೋಡಿಯಂ, ಕ್ರಿಯಾಟಿನಿನ್, ಪ್ರಜ್ಞೆಯ ಮಟ್ಟ ಮುಂತಾದ 12 ಅಳತೆಗಳು ಎಷ್ಟು ಕೆಟ್ಟಿದ್ದವು ಎಂದು ನೋಡಿ, ವಯಸ್ಸು ಮತ್ತು ಹಳೆಯ ಕಾಯಿಲೆಗಳನ್ನು ಸೇರಿಸಿ, 0ರಿಂದ 71ರವರೆಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಅಲ್ಲಿ ತಜ್ಞರು ನಿರ್ಧರಿಸಿದ್ದರು. ಮೆಷಿನ್ ಲರ್ನಿಂಗ್‌ನಲ್ಲಿ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಸಾವಿರಾರು ಹಳೆಯ ರೋಗಿಗಳ ದಾಖಲೆಗಳನ್ನು ಕೊಟ್ಟು, ಯಾರು ಉಳಿದರು, ಯಾರು ತೀರಿಕೊಂಡರು ಎಂದು ತಿಳಿಸಿದರೆ, ಅದು ತಾನೇ ಸಂಬಂಧಗಳನ್ನು ಹುಡುಕಿಕೊಳ್ಳುತ್ತದೆ. ಇಂಥ ಬಹಳಷ್ಟು ಅಧ್ಯಯನಗಳು ಬೋಸ್ಟನ್ ನಗರದ ಒಂದು ಆಸ್ಪತ್ರೆಯ ದಾಖಲೆಗಳಾದ 'ಮಿಮಿಕ್' ಸಂಗ್ರಹವನ್ನೇ ಆಧರಿಸಿವೆ.

ಆದರೆ ಕಂಪ್ಯೂಟರ್ ದಾಖಲೆಯಲ್ಲಿ ಇದ್ದುದನ್ನಷ್ಟೇ ಕಲಿಯುತ್ತದೆ. ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ಮೇಲೆ ಹೀಗೆ ಕಲಿಸಿದಾಗ, ಅಸ್ತಮಾ ಇದ್ದವರಿಗೆ ಸಾವಿನ ಅಪಾಯ ಕಡಿಮೆ ಎಂಬ ವಿಚಿತ್ರ ಉತ್ತರ ಬಂತು. ಕಾರಣ ಹುಡುಕಿದರೆ, ಅಸ್ತಮಾ ಇದ್ದವರನ್ನು ವೈದ್ಯರು ನೇರವಾಗಿ ಐಸಿಯುವಿಗೆ ಸೇರಿಸಿ ಹೆಚ್ಚಿನ ಆರೈಕೆ ಕೊಡುತ್ತಿದ್ದರು. ಅವರನ್ನು ಉಳಿಸಿದ್ದು ಆ ಆರೈಕೆ.

ನಮ್ಮ ಕಡೆಯ ಲೆಕ್ಕ ಇನ್ನೂ ಹತ್ತಿರದ್ದು. ನಮ್ಮ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಜಿಗೀಷು ದಿವಾಟಿಯಾ ಮತ್ತು ಸಂಗಡಿಗರು 2010-11ರಲ್ಲಿ ದೇಶದ 120 ಐಸಿಯುಗಳ 4,038 ವಯಸ್ಕ ರೋಗಿಗಳ ಅಧ್ಯಯನ ನಡೆಸಿ 2016ರಲ್ಲಿ ಪ್ರಕಟಿಸಿದರು. ಅದರಲ್ಲಿ ಐಸಿಯು ಸಾವುಗಳೆಂದು ಎಣಿಸಿದ್ದು 729. ಅವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು 546. ಉಳಿದ 183 ಮಂದಿಯನ್ನು ಕೊನೆಯ ಹಂತದಲ್ಲಿ, ವೈದ್ಯರ ಸಲಹೆ ಮೀರಿಯೋ ಮನೆಯವರ ಕೋರಿಕೆಯ ಮೇಲೋ, ಹೊರಗೆ ಕರೆದೊಯ್ಯಲಾಗಿತ್ತು. ಅಂದರೆ ನಾಲ್ವರಲ್ಲಿ ಒಬ್ಬರು. ಅರ್ಜಿ ಹಿಡಿದು ಬರುವ ಕುಟುಂಬಗಳನ್ನು ಬಲ್ಲವರಿಗೆ, ಇಂಥ ನಿರ್ಧಾರಗಳಲ್ಲಿ ಬಿಲ್ಲಿನ ಪಾಲು ಎಷ್ಟಿರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅದೇ ಅಧ್ಯಯನದಲ್ಲಿ ಸಾವಿನೊಂದಿಗೆ ಸಂಬಂಧ ಕಂಡುಬಂದ ಅಂಶಗಳ ಪಟ್ಟಿಯಲ್ಲಿ ಸೋಂಕು, ವೆಂಟಿಲೇಟರ್‌ಗಳ ಜೊತೆಗೆ 'ಖರ್ಚನ್ನು ಸ್ವಂತ ಕೈಯಿಂದ ಭರಿಸುವ ರೋಗಿ' ಎಂಬುದೂ ಇದೆ. ಹಣವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಇಂಥ ದಾಖಲೆಗಳಿಂದ ಕಲಿತ ಕಂಪ್ಯೂಟರ್ 'ಉಳಿಯುವುದು ಕಷ್ಟ' ಎಂದಾಗ, ಕಾಯಿಲೆಯ ಜೊತೆ ಬಡತನವೂ ಅದರೊಳಗೆ ಸೇರಿರಬಹುದು. ಅದನ್ನೇ ನೋಡಿ ನಾವು ನೆರವು ನಿಲ್ಲಿಸಿದರೆ ಆ ಭವಿಷ್ಯವನ್ನು ನಾವೇ ನಿಜ ಮಾಡಿದಂತಾಗುತ್ತದೆ. ಇನ್ನೊಂದು ಮಾತು: ಅಧ್ಯಯನದ ದಿನದ ಆಸುಪಾಸಿನಲ್ಲಿ ದಾಖಲಾದವರಲ್ಲಿ ಅಪಾಚೆ-2 ಲೆಕ್ಕ ನೂರು ಸಾವು ಎಂದಲ್ಲಿ ನಡೆದದ್ದು 67ರಷ್ಟೇ.

ಹಾಗೆಂದು ಈ ಅಂಕಗಳು ನಿರುಪಯೋಗಿ ಅಲ್ಲ. ಐಸಿಯುಗಳನ್ನು ಪರಸ್ಪರ ಹೋಲಿಸಲು, ಯಾರ ಮೇಲೆ ಹೆಚ್ಚು ನಿಗಾ ಬೇಕೆಂದು ತಿಳಿಯಲು ಅವು ಬೇಕು. ಒಬ್ಬ ರೋಗಿಗೆ ಹಣ ಕೊಡಬೇಕೇ ಬೇಡವೇ ಎಂಬುದಕ್ಕೆ ಮಾತ್ರ ಅವು ಅಳತೆಗೋಲಲ್ಲ. ಆದ್ದರಿಂದ ಅರ್ಜಿಯಲ್ಲಿ ಶೇಕಡಾ ಅಂಕಿ ಕೇಳುವುದು ಬೇಡವೆಂದು ನಾನು ಸಮಿತಿಗೆ ಸೂಚಿಸಿದ್ದೇನೆ. ಬದಲಿಗೆ ಡಾಕ್ಟರರಲ್ಲಿ ಕೇಳಬೇಕಾದ್ದು: ಯಾವ ಅಂಗಕ್ಕೆ ಯಂತ್ರದ ಆಸರೆ ಇದೆ, ನಿನ್ನೆಗಿಂತ ಇಂದು ಆಸರೆ ಹೆಚ್ಚಿತೇ ಕಡಿಮೆಯಾಯಿತೇ, ಮುಂದಿನ ಮೂರು ದಿನಗಳಿಗೆ ಎಷ್ಟು ಬೇಕು.

ಅರ್ಜಿದಾರರು ಇನ್ನೊಂದನ್ನು ಮರೆಯಬಾರದು. ಮುಂಬಯಿ ಹೈಕೋರ್ಟ್ 2006ರಲ್ಲಿ ಜಾರಿಗೆ ತಂದ ಯೋಜನೆಯಂತೆ ಚಾರಿಟೆಬಲ್ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ದಾಖಲಾದ ದಿನವೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿ. ರೇಷನ್ ಕಾರ್ಡ್, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ. ನಮ್ಮ ಅರ್ಜಿಯನ್ನೂ ಅದೇ ದಿನ ಕಳುಹಿಸಿ. ದಾನಿಗಳಲ್ಲಿ ನನ್ನ ವಿನಂತಿ, ಈ ಬಾರಿಯ ದೇಣಿಗೆಯನ್ನು ಇಂಥ ರೋಗಿಗೇ ಎಂದು ಕಾದಿರಿಸದೆ ನಿಧಿಗೆ ಕೊಡಿ. ಆಗ ಮೊದಲ ವಾರದಲ್ಲೇ ಚೆಕ್ ಬರೆಯಲು ನಮಗೆ ಸಾಧ್ಯವಾಗುತ್ತದೆ.