ಲಾರಿ ಯಾಕೆ ನಿಂತೈತೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಬೇಳೆಕಾಳಿನ ಹೋಲ್‌ಸೇಲ್ ಅಂಗಡಿ. ಶಾಲೆ ಬಿಟ್ಟ ಮೇಲೆ ಗಲ್ಲಾದ ಪಕ್ಕ ಕೂತು ಚೀಟಿ ಬರೆಯುವುದು ನನ್ನ ಕೆಲಸ. ಒಂದು ಸಂಜೆ ತೊಗರಿಬೇಳೆ ತುಂಬಿದ ಲಾರಿ ಬಂದು ತಾಸಾದರೂ ಒಂದು ಚೀಲ ಇಳಿದಿರಲಿಲ್ಲ. ಅದರ ಹಿಂದೆ ಇನ್ನೆರಡು ಲಾರಿ, ಅವುಗಳ ಹಿಂದೆ ಆಟೋಗಳ ಹಾರ್ನ್. “ಅಪ್ಪಾಜಿ, ಇನ್ನೂ ನಾಕು ಜನ ಹಮಾಲರನ್ನ ಕರೀರಿ” ಅಂದೆ. ಅಪ್ಪಾಜಿ ನಕ್ಕರು. “ಇರೋ ಹಮಾಲರೇ ಸುಮ್ನೆ ಕುಂತಾರೆ ನೋಡವ್ವ. ನಿನ್ನೆ ಮಾರಿದ ಮಾಲು ಗೋದಾಮಿನಿಂದ ಇನ್ನೂ ಹೋಗಿಲ್ಲ. ಲಾರಿ ನಿಂತಿರೋದು ಮುಂದೆ, ಕಾರಣ ಇರೋದು ಹಿಂದಿನ ಬಾಗಿಲಾಗೆ.”

ಈ ಮಾತಿನ ಬೆಲೆ ಗೊತ್ತಾಗಲು ನಾನು ಇಂಗ್ಲೆಂಡಿಗೆ ಹೋಗಿಬರಬೇಕಾಯಿತು.

ದಾವಣಗೆರೆಯಲ್ಲೇ ಬಿ.ಫಾರ್ಮ್ ಮುಗಿಸಿ, ಆಸ್ಪತ್ರೆಯೊಂದರ ಆಫೀಸಿನಲ್ಲಿ ಎರಡು ವರ್ಷ ದುಡಿದು, 2022ರಲ್ಲಿ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಎಂ.ಎಸ್ಸಿ. ಓದಲು ಮ್ಯಾಂಚೆಸ್ಟರ್‌ಗೆ ಹೊರಟೆ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. “ಒರಿಜಿನಲ್ ಹೆಂಗೈತೆ ನೋಡ್ಕಂಡು ಬಾ” ಅಂದರು ಅಪ್ಪಾಜಿ.

ಮೊದಲ ಪಾಠ ವಿಮಾನ ಹತ್ತುವ ಮೊದಲೇ ಆಯಿತು. ಫೀಸಿನ ಮಾತು ಬೇರೆ. ಅದರ ಜೊತೆಗೆ ಊಟ, ಬಾಡಿಗೆಗೆ ಸಾಕಾಗುವಷ್ಟು ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು ಅಂತ ವೀಸಾ ನಿಯಮ. ಲಂಡನ್ ಬಿಟ್ಟು ಬೇರೆ ಊರಾದರೆ ಆಗ ತಿಂಗಳಿಗೆ 1,023 ಪೌಂಡ್, ಒಂಬತ್ತು ತಿಂಗಳ ಲೆಕ್ಕ. ನಮ್ಮ ದುಡ್ಡಿನಲ್ಲಿ ಎಂಟೂವರೆ ಲಕ್ಷದ ಮೇಲೆ. ಮಂಡಿಯವರ ದುಡ್ಡು 28 ದಿನ ಒಂದೇ ಕಡೆ ಕೂತ ಇತಿಹಾಸವೇ ಇಲ್ಲ. ಬೆಳಿಗ್ಗೆ ಬಂದದ್ದು ಸಂಜೆಗೆ ಮತ್ತೊಬ್ಬರ ಕೈಯಲ್ಲಿರುತ್ತದೆ. ಇಪ್ಪತ್ತನೇ ದಿನ ಅಪ್ಪಾಜಿ ಅಭ್ಯಾಸಬಲದಿಂದ ಕಡಲೆ ಲೋಡಿಗೆ ಅದೇ ಖಾತೆಯಿಂದ ಹಣ ಕಳಿಸಿಬಿಟ್ಟರು. ಮತ್ತೆ ಒಂದನೇ ದಿನದಿಂದ ಎಣಿಕೆ. ಕಾಗದಪತ್ರ ಮಾಡಿಸಿಕೊಡುವ ಏಜೆಂಟ್ ಈ ನಿಯಮವನ್ನು ಹೇಳಿರಲೇ ಇಲ್ಲ. ಅಂದಿನಿಂದ ಯಾವ ನಿಯಮವಾದರೂ ಸರ್ಕಾರದ ಮೂಲ ಪುಟದಲ್ಲಿ ನಾನೇ ಓದುತ್ತೇನೆ.

ಎರಡನೇ ಪಾಠ ಅಂಕದ್ದು. ಇಲ್ಲಿ 80ರ ಕೆಳಗೆ ಬಂದರೆ ಅಳುತ್ತಿದ್ದ ನನಗೆ ಅಲ್ಲಿನ ಮೊದಲ ಅಸೈನ್‌ಮೆಂಟಿಗೆ ಬಂದದ್ದು 52. ಅಲ್ಲಿ ಎಂ.ಎಸ್ಸಿ.ಗೆ 50 ಪಾಸು, 70 ದಾಟಿದರೆ ಡಿಸ್ಟಿಂಕ್ಷನ್. ವಿಷಯ: ತುರ್ತು ವಿಭಾಗದ ನೂಕುನುಗ್ಗಲು ತಗ್ಗಿಸುವುದು ಹೇಗೆ? ಪುಸ್ತಕದಲ್ಲಿದ್ದುದನ್ನೆಲ್ಲ ಬರೆದು, ಹಾಸಿಗೆ ಹೆಚ್ಚಿಸಬೇಕು, ಸಿಬ್ಬಂದಿ ಹೆಚ್ಚಿಸಬೇಕು ಅಂತ ಮುಗಿಸಿದ್ದೆ. ಇದು ಪುಸ್ತಕ ಹೇಳಿದ್ದು, ನೀವು ಕಂಡದ್ದೇನು ಎಂದು ಮೇಡಂ ಅಂಚಿನಲ್ಲಿ ಕೇಳಿದ್ದರು. ಉತ್ತರ ಬರೆಯುವುದು ನನಗೆ ಗೊತ್ತಿತ್ತು, ನೋಡುವುದು ಗೊತ್ತಿರಲಿಲ್ಲ.

ನೋಡುವುದಕ್ಕೆ ಆ ಊರಿಗಿಂತ ಒಳ್ಳೆಯ ಜಾಗ ಇಲ್ಲ. 1948ರ ಜುಲೈ 5ರಂದು ಬ್ರಿಟನ್ನಿನ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಅವರು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್‌ಗೆ ಚಾಲನೆ ಕೊಟ್ಟದ್ದು ಮ್ಯಾಂಚೆಸ್ಟರ್ ಪಕ್ಕದ ಡೇವಿಹ್ಯೂಮ್‌ನ ಪಾರ್ಕ್ ಆಸ್ಪತ್ರೆಯಲ್ಲಿ. ತುರ್ತು ವಿಭಾಗಕ್ಕೆ ಬಂದವರನ್ನು ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ವಿಂಗಡಿಸಿ ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ ಪದ್ಧತಿ 1990ರ ದಶಕದಲ್ಲಿ ಹುಟ್ಟಿದ್ದೂ ಅದೇ ಊರಲ್ಲಿ. ಬಂದ 100 ಜನರಲ್ಲಿ 95 ಮಂದಿಯನ್ನು 4 ಗಂಟೆಯೊಳಗೆ ನೋಡಿ ಕಳಿಸಬೇಕು ಅಥವಾ ದಾಖಲಿಸಬೇಕು ಎಂಬ ಗುರಿಯೂ ಅಲ್ಲಿದೆ. ಇಷ್ಟೆಲ್ಲ ಇದ್ದೂ 2015ರ ನಂತರ ಇಂಗ್ಲೆಂಡ್ ಆ ಗುರಿ ಮುಟ್ಟಿಲ್ಲ. ಯಾಕೆ?

ಉತ್ತರ ಸಿಕ್ಕಿದ್ದು ಕ್ಲಾಸಿನಲ್ಲಲ್ಲ. ಸ್ಟೂಡೆಂಟ್ ವೀಸಾದಲ್ಲಿ ಕಾಲೇಜು ನಡೆಯುವಾಗ ವಾರಕ್ಕೆ 20 ತಾಸು ದುಡಿಯಬಹುದು. ನಾನು ವೃದ್ಧರ ಕೇರ್ ಹೋಮ್ ಒಂದರಲ್ಲಿ ಸೇರಿದೆ. ಅಜ್ಜಿಯರಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ಹಾಲು ಹಾಕಿದ ಟೀ ಕೊಡುವುದು. ಮೊದಲ ವಾರ ಊರಿಗೆ ಫೋನ್ ಮಾಡಿದಾಗ ಲೈಬ್ರರಿಯಲ್ಲಿ ಕೆಲಸ ಅಂತ ಸುಳ್ಳು ಹೇಳಿದ್ದೆ.

ಅಲ್ಲಿಗೆ ಒಬ್ಬ ಅಜ್ಜಿ ಆಸ್ಪತ್ರೆಯಿಂದ ಬಂದರು. ಸೊಂಟದ ಆಪರೇಷನ್ ಆಗಿ, ಮನೆಗೆ ಹೋಗಬಹುದು ಅಂತ ಡಾಕ್ಟರ್ ಹೇಳಿ ಹನ್ನೊಂದು ದಿನ ಕಳೆದಿತ್ತು. ನೋಡಿಕೊಳ್ಳುವವರು ಗೊತ್ತಾಗದೆ, ಖರ್ಚು ಯಾರು ಕೊಡಬೇಕೆಂಬುದು ತೀರ್ಮಾನವಾಗದೆ ಹನ್ನೊಂದು ದಿನವೂ ವಾರ್ಡಿನಲ್ಲೇ ಮಲಗಿದ್ದರು. ಆ ಹಾಸಿಗೆ ಖಾಲಿಯಾಗದಿದ್ದರೆ ಕೆಳಗಿನ ತುರ್ತು ವಿಭಾಗದ ರೋಗಿ ಮೇಲೆ ಬರುವಂತಿಲ್ಲ. ಅವನು ಬರದಿದ್ದರೆ ಹೊರಗಿನ ಆಂಬುಲೆನ್ಸಿನ ರೋಗಿಯನ್ನು ಒಳಗೆ ಇಳಿಸುವಂತಿಲ್ಲ. ಅಜ್ಜಿಯ ಚೀಲದಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಜೋಡಿಸುತ್ತಿದ್ದಾಗ ನನಗೆ ನೆನಪಾದದ್ದು ಮಂಡಿಪೇಟೆಯ ಆ ಲಾರಿ. ಮುಂಬಾಗಿಲಿಗೆ ಐದು ಬಣ್ಣ ಹಚ್ಚಿದರೂ ಹಿಂಬಾಗಿಲು ತೆರೆಯದೆ ಸಾಲು ಕರಗದು. ನನ್ನ ಪ್ರಬಂಧಕ್ಕೆ ಅದೇ ವಿಷಯವಾಯಿತು. 71 ಬಂತು. ಮನೆಗೆ ಫೋನ್ ಮಾಡಿ ನಿಜ ಹೇಳಿದೆ. “ಹಮಾಲಿ ಮಾಡಿದೋರಿಗೇ ಗೋದಾಮು ಗೊತ್ತಾಗೋದು, ನಾಚಿಕೆ ಯಾಕವ್ವ?” ಅಂದರು ಅಪ್ಪಾಜಿ.

ಓದು ಮುಗಿದ ಮೇಲೆ ಅಲ್ಲಿ ಎರಡು ವರ್ಷ ಇದ್ದು ಕೆಲಸ ಹುಡುಕಲು ಗ್ರಾಜುಯೇಟ್ ವೀಸಾ ಸಿಗುತ್ತಿತ್ತು. ನಾನು ಹತ್ತು ತಿಂಗಳು ಹುಡುಕಿದೆ. ಬಹಳ ಕಡೆ ಸಂದರ್ಶನದ ತನಕವೂ ಹೋಗಲಿಲ್ಲ. ಈ ಡಿಗ್ರಿ ಡಾಕ್ಟರ್, ನರ್ಸ್‌ಗಳ ಓದಿನ ಹಾಗೆ ವೃತ್ತಿಯ ಲೈಸೆನ್ಸ್ ಅಲ್ಲ. ಅಲ್ಲಿನ ಅನುಭವವಿಲ್ಲದ ಮ್ಯಾನೇಜರ್ ಯಾರಿಗೂ ಬೇಡ. ಓದಿಗೆ ಮಾಡಿದ ಸಾಲ ತೀರಿಸುವ ಲೆಕ್ಕವನ್ನು ಅಲ್ಲಿನ ಸಂಬಳದ ಮೇಲೆ ಹಾಕಿದ್ದು ನನ್ನ ದೊಡ್ಡ ತಪ್ಪು. ಊರಿಗೆ ಮರಳಿದೆ.

ಈಗ ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಬಂದ ಹೊಸದರಲ್ಲಿ ಬೆಳಿಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಬರೆದ ರೋಗಿ ಹೊರಬೀಳುವಾಗ ಸಂಜೆ ಐದು. ಹರಿಹರ ಹದಿನಾಲ್ಕು ಕಿಲೋಮೀಟರ್, ಬಸ್ಸಿಗೆ ಬರವಿಲ್ಲ. ಆದರೂ ಅಲ್ಲಿಂದ ಬಂದವರು ದಿನವಿಡೀ ಗಂಟುಮೂಟೆ ಕಟ್ಟಿಕೊಂಡು ಕೂತಿರುತ್ತಿದ್ದರು. ಬಿಲ್ ಕೌಂಟರ್ ಇನ್ನೊಂದು ಬೇಕು ಅಂತ ಎಲ್ಲರ ಒತ್ತಾಯ. ನಾನು ಒಂದು ನೋಟ್‌ಬುಕ್ ಹಿಡಿದು ಮೂರು ದಿನ ಒಂದೊಂದು ಫೈಲಿನ ಹಿಂದೆ ನಡೆದೆ. ಫೈಲ್ ಹೆಚ್ಚು ಹೊತ್ತು ಮಲಗುತ್ತಿದ್ದದ್ದು ಬಿಲ್ಲಿಂಗಿನಲ್ಲಿ ಅಲ್ಲ, ಔಷಧ ವಾಪಸಾತಿಯಲ್ಲಿ. ಬಳಸದೆ ಉಳಿದ ಔಷಧ ವಾರ್ಡಿನಿಂದ ಮೆಡಿಕಲ್ ಸ್ಟೋರಿಗೆ ಹೋಗುತ್ತಿದ್ದದ್ದು ದಿನಕ್ಕೊಂದೇ ಸಲ, ಮಧ್ಯಾಹ್ನ ಊಟ ಆದ ಮೇಲೆ. ಅಲ್ಲಿಯ ತನಕ ಬಿಲ್ ಮುಗಿಯುವಂತಿಲ್ಲ. ನಾಳೆ ಹೋಗುವವರ ಔಷಧ ಇವತ್ತು ರಾತ್ರಿಯೇ ವಾಪಸ್ ಅಂತ ಮಾಡಿದೆವು. ಈಗ ವಿಮೆ ಇಲ್ಲದವರು ಎರಡು ಗಂಟೆಯೊಳಗೆ ಹೊರಡುತ್ತಾರೆ. ವಿಮೆಯವರದ್ದು ಇನ್ನೂ ತಡವೇ, ಒಪ್ಪಿಗೆ ಬೇರೆ ಊರಿಂದ ಬರಬೇಕು.

ಈ ಓದಿಗೆ ಹೊರಟವರು ಈಚೆಗೆ ನನ್ನನ್ನು ಕೇಳಲು ಬರುತ್ತಾರೆ. ಹೋಗಬೇಡಿ ಅನ್ನುವುದಿಲ್ಲ. ಇದೇ ವಿಷಯ ಮುಂಬೈಯ ಟಿಸ್, ಬೆಂಗಳೂರಿನ ಐಐಎಚ್‌ಎಂಆರ್ ಸಂಸ್ಥೆಗಳಲ್ಲೂ ಇದೆ, ಅದನ್ನೂ ತೂಗಿ ನೋಡಿ ಅನ್ನುತ್ತೇನೆ. ಸಾಲವನ್ನು ಇಲ್ಲಿನ ಸಂಬಳದಲ್ಲಿ ತೀರಿಸಲಾಗುತ್ತದೆಯೇ ಅಂತ ಮೊದಲು ಲೆಕ್ಕ ಹಾಕಿ. ಆಗುವುದಿಲ್ಲ ಅಂದರೆ ಎರಡು ವರ್ಷ ದುಡಿದು ಆಮೇಲೆ ಹೋಗಿ. ಅರ್ಜಿ ಹಾಕುವ ಮೊದಲು ಒಂದು ದಿನ ನಮ್ಮೂರಿನ ಚಿಗಟೇರಿ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಕೂತು ಬನ್ನಿ. ಸಾಲು ಎಲ್ಲಿ ನಿಂತಿದೆ, ಯಾತಕ್ಕೆ ನಿಂತಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸಂಜೆಗೆ ಬೇಸರ ಬಂದಿರದಿದ್ದರೆ ಈ ಓದು ನಿಮ್ಮದು.