ಟೊಪ್ಪಿಗೆಯ ನಮೂನೆ

ಮನುಷ್ಯನ ಕೈಗೆಲಸಗಳಲ್ಲಿ ನೂಲಿನ ಕೆಲಸ ಬಹು ಪುರಾತನವಾದುದು. ಕದಿರು, ಮಗ್ಗ, ಸೂಜಿಗಳಿಗೆ ಹೋಲಿಸಿದರೆ ಕ್ರೋಷಾ ಕಡ್ಡಿ ಇತ್ತೀಚಿನದೆಂದೇ ಹೇಳಬೇಕು. ಫ್ರೆಂಚ್ ಭಾಷೆಯಲ್ಲಿ ‘ಕ್ರೋಷೆ’ ಎಂದರೆ ಪುಟ್ಟ ಕೊಕ್ಕೆ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುತ್ತ ಹೋಗುವುದೇ ಈ ಕಲೆಯ ಸಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಹಬ್ಬಿದ ಈ ಹೆಣಿಗೆ ಮಿಷನರಿಗಳ ಮೂಲಕ ನೆರೆಯ ಆಂಧ್ರದ ನರಸಾಪುರಕ್ಕೂ ಬಂದಿತು. ಅಲ್ಲಿಯ ಹೆಂಗಸರ ಕೈಯಲ್ಲಿ ಬೆಳೆದ ಕ್ರೋಷಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಕನ್ನಡನಾಡಿನ ಮನೆಗಳಲ್ಲಿಯೂ ಬಾಗಿಲ ತೋರಣ, ಮೇಜಿನ ಹೊದಿಕೆ, ಹಸುಗೂಸಿನ ಕುಲಾವಿ ಮುಂತಾದುವು ಈ ಕಡ್ಡಿಯಿಂದ ಮೂಡಿಬಂದಿವೆ.

ಕುಲಾವಿಯನ್ನು ಹೆಣೆಯುತ್ತಿದ್ದ ಅಜ್ಜಿಯರಿಗೆ ಬರೆದ ಸೂತ್ರದ ಅಗತ್ಯವಿರಲಿಲ್ಲ. ಮಗು ಮಡಿಲಲ್ಲೇ ಇರುತ್ತಿತ್ತು, ಕೈಯೇ ಅಳತೆಗೋಲಾಗುತ್ತಿತ್ತು. ಇಂದು ನಮೂನೆಗಳು ಕ್ರಯಕ್ಕೆ ದೊರೆಯುತ್ತವೆ. ಎಲ್ಲಿಯೋ ಕುಳಿತ ಒಬ್ಬರು ಹಲವು ಬಾರಿ ಹೆಣೆದು, ಬಿಚ್ಚಿ, ಎಣಿಸಿ ಬರೆದಿಟ್ಟ ಸೂತ್ರವನ್ನು ಮತ್ತೆಲ್ಲಿಯೋ ಇರುವವರು ಕೊಂಡು ಬಳಸುತ್ತಾರೆ. ಆದರೆ ನಮೂನೆಯನ್ನು ಬರೆದವರು ಅದನ್ನು ಧರಿಸುವ ತಲೆಯನ್ನು ಕಂಡವರಲ್ಲ. ಈ ಕೊರತೆಯನ್ನು ತುಂಬಬೇಕಾದವರು ಹೆಣೆಯುವವರೇ.

ಉತ್ತರ ಬೆಂಗಳೂರಿನಲ್ಲಿ ಹೆಬ್ಬಾಳಕ್ಕೆ ಸಮೀಪವಾಗಿರುವ ಸಂಜಯನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯ ಹಿರಿಯಾಕೆಗೆ ಕ್ರೋಷಾ ಬಾಲ್ಯದಿಂದ ಕೈಗೂಡಿದ ವಿದ್ಯೆ. ಆಕೆಯ ತಂಗಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಳೆ. ಆ ಚಿಕಿತ್ಸೆಯ ಅನೇಕ ಔಷಧಗಳು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ನಾಶಮಾಡುತ್ತವೆ. ರೋಗದ ಕೋಶಗಳೊಡನೆ ಕೂದಲ ಬುಡದ ಕೋಶಗಳೂ ಅವುಗಳಿಗೆ ಈಡಾಗುವುದರಿಂದ ಕೂದಲು ಉದುರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಅದು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ಅಲ್ಲಿಯವರೆಗೆ ತಲೆಗೆ ಚಳಿಯಿಂದಲೂ ಮನಸ್ಸಿಗೆ ಪರರ ನೋಟದಿಂದಲೂ ರಕ್ಷಣೆ ಬೇಕು. ಬೆಂಗಳೂರಿನ ಚಳಿ ಹಿಮದೇಶದ ಚಳಿಯಲ್ಲ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತಾದರೂ ಅಂಥ ದಿನಗಳು ಅತಿ ವಿರಳ. ಆದರೂ ಮಾಗಿಯ ಬೆಳಗಿನ ಕುಳಿರ್ಗಾಳಿಯನ್ನು ಬರಿಯ ತಲೆ ಸಹಿಸಲಾರದು.

ಅಕ್ಕ ಒಂದು ಟೊಪ್ಪಿಗೆಯ ನಮೂನೆಯನ್ನು ಕೊಂಡಳು. ಅದು ಅಮೆರಿಕದ ಪದ್ಧತಿಯಲ್ಲಿ ಬರೆದದ್ದು. ಅಲ್ಲಿಯವರು ‘ಡಬಲ್ ಕ್ರೋಷಾ’ ಎನ್ನುವುದನ್ನು ಇಂಗ್ಲೆಂಡಿನವರು ‘ಟ್ರೆಬಲ್’ ಎನ್ನುತ್ತಾರೆ. ಇಂಗ್ಲೆಂಡಿನವರ ‘ಡಬಲ್’ ಅಮೆರಿಕದವರಿಗೆ ‘ಸಿಂಗಲ್’. ಈ ಭೇದವನ್ನರಿಯದೆ ಹೆಣೆದರೆ ಟೊಪ್ಪಿಗೆ ಗಿಡ್ಡವಾಗುವುದು ಖಂಡಿತ. ಅಕ್ಕ ಇದನ್ನು ಗಮನಿಸಿ, ಮೊದಲು ಸೂತ್ರದಲ್ಲಿದ್ದಂತೆಯೇ ದಪ್ಪ ಉಣ್ಣೆಯಲ್ಲಿ ಹೆಣೆದಳು. ಅಳತೆ ಸರಿಯಾಯಿತು. ತಂಗಿ ಧರಿಸಿ ನೋಡಿ, “ಚೆನ್ನಾಗಿದೆ ಅಕ್ಕ, ಆದರೆ ಸ್ವಲ್ಪ ಚುಚ್ಚುತ್ತದೆ” ಎಂದಳು. ಕೂದಲಿಲ್ಲದ ನೆತ್ತಿಯ ಚರ್ಮ ಬಹು ಸೂಕ್ಷ್ಮ. ನಮೂನೆಯಲ್ಲಿ ದೋಷವಿರಲಿಲ್ಲ; ಆದರೆ ಅದು ಆ ತಲೆಗಾಗಿ ಬರೆದದ್ದಲ್ಲ.

ಉಣ್ಣೆಯ ಬದಲು ಮೆತ್ತನೆಯ ಹತ್ತಿ ನೂಲನ್ನು ಆರಿಸಿದೊಡನೆ ಲೆಕ್ಕವೆಲ್ಲ ಬದಲಾಯಿತು. ಹತ್ತಿ ನೂಲು ಸಣ್ಣ, ಉಣ್ಣೆಯಷ್ಟು ಹಿಗ್ಗದು. ಆದ್ದರಿಂದ ಅಕ್ಕ ಮೊದಲಿಗೆ ಅಂಗೈಯಗಲದ ಒಂದು ತುಂಡನ್ನು ಹೆಣೆದು, ಒಗೆದು, ಒಣಗಿಸಿ ಅಳೆದಳು. ಉಣ್ಣೆಯಲ್ಲಿ 10 ಸೆಂಟಿಮೀಟರಿಗೆ 14 ಕುಣಿಕೆಗಳಿದ್ದರೆ ಹತ್ತಿಯಲ್ಲಿ 18 ಹಿಡಿದವು. ನಮೂನೆಯಲ್ಲಿ ಹೇಳಿದ್ದ 72 ಕುಣಿಕೆಗಳು ಉಣ್ಣೆಯಲ್ಲಿ ಸುಮಾರು 51 ಸೆಂಟಿಮೀಟರ್ ಸುತ್ತಳತೆ ಕೊಡುತ್ತವೆ. ಹತ್ತಿಯಲ್ಲಾದರೋ 40 ಮಾತ್ರ. ಅದು ಎಳೆಗೂಸಿನ ತಲೆಗೆ ಸರಿಹೋಗುವ ಅಳತೆ! ತಂಗಿಯ ತಲೆಯ ಸುತ್ತಳತೆ 54. ಟೊಪ್ಪಿಗೆ ಜಾರದಿರಲು ಒಂದೆರಡು ಸೆಂಟಿಮೀಟರ್ ಕಡಿಮೆಯಿರಬೇಕು. 52ನ್ನು 1.8ರಿಂದ ಗುಣಿಸಿದರೆ ಸುಮಾರು 94. ನಮೂನೆಯಲ್ಲಿ ಪ್ರತಿ ಸುತ್ತಿಗೂ 12 ಕುಣಿಕೆಗಳು ಹೆಚ್ಚುತ್ತವೆಯಾದ್ದರಿಂದ ಅದಕ್ಕೆ ಹತ್ತಿರದ 12ರ ಗುಣಕವಾದ 96 ಯೋಗ್ಯ ಸಂಖ್ಯೆ. ಅಂದರೆ 6 ಸುತ್ತುಗಳಲ್ಲಿ ಮುಗಿಯಬೇಕಾದ ನೆತ್ತಿಯ ಭಾಗ 8 ಸುತ್ತುಗಳಿಗೆ ಬೆಳೆಯಿತು. ಸುತ್ತಳತೆ ಸುಮಾರು 53ಕ್ಕೆ ನಿಂತಿತು.

ನೆತ್ತಿಯಿಂದ ಆರಂಭವಾಗುವ ಟೊಪ್ಪಿಗೆ ಮೊದಲು ಒಂದು ಚಪ್ಪಟೆಯಾದ ಬಿಲ್ಲೆ. ವೃತ್ತದ ಪರಿಧಿ ತ್ರಿಜ್ಯದೊಡನೆ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಪ್ರತಿ ಸುತ್ತಿಗೂ ಸಮಸಂಖ್ಯೆಯ ಕುಣಿಕೆಗಳನ್ನು ಕೂಡಿಸಬೇಕು. ಕಡಿಮೆ ಕೂಡಿಸಿದರೆ ಬಿಲ್ಲೆ ಬಟ್ಟಲಾಗುತ್ತದೆ. ಹೆಚ್ಚು ಕೂಡಿಸಿದರೆ ಅಂಚು ನೆರಿಗೆಗಟ್ಟುತ್ತದೆ. ಈ ನೆರಿಗೆಯೂ ವ್ಯರ್ಥವಲ್ಲ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಗಣಿತಜ್ಞೆ ಡೈನಾ ತೈಮಿನಾ ಇಂಥ ಹೆಣಿಗೆಯಿಂದಲೇ ಯೂಕ್ಲಿಡನ ರೇಖಾಗಣಿತಕ್ಕೆ ಹೊರತಾದ ಒಂದು ತಲವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಆದರೆ ಟೊಪ್ಪಿಗೆಗೆ ನೆರಿಗೆ ಸಲ್ಲದು. ಬಿಲ್ಲೆ ಸುಮಾರು 17 ಸೆಂಟಿಮೀಟರ್ ಅಗಲವಾದೊಡನೆ ಕುಣಿಕೆ ಕೂಡಿಸುವುದನ್ನು ನಿಲ್ಲಿಸಬೇಕು. ಅಲ್ಲಿಂದ ಹೆಣಿಗೆ ತಾನಾಗಿಯೇ ಕೆಳಕ್ಕೆ ಬಾಗಿ ಕಿವಿಯತ್ತ ಇಳಿಯುತ್ತದೆ. 53ನ್ನು 22/7ರಿಂದ ಭಾಗಿಸಿ ಈ 17 ಎಲ್ಲಿಂದ ಬಂದಿತೆಂಬುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು.

ಅಕ್ಕ ಇನ್ನೆರಡು ಬದಲಾವಣೆಗಳನ್ನು ಮಾಡಿದಳು. ಅಲಂಕಾರಕ್ಕೆಂದಿದ್ದ ಜಾಲಂದ್ರದ ಸುತ್ತನ್ನು ಬಿಟ್ಟಳು, ಏಕೆಂದರೆ ಅದರ ತೂತುಗಳಲ್ಲಿ ನೆತ್ತಿ ಕಾಣುತ್ತಿತ್ತು. ದಾರದ ಕೊನೆಗಳನ್ನು ಚರ್ಮಕ್ಕೆ ಉಜ್ಜದಂತೆ ಹೊರಮೈಯಲ್ಲಿ ಅಡಗಿಸಿದಳು. ಒಂದು ಸುತ್ತಿನಲ್ಲಿ ಎಣಿಕೆ ತಪ್ಪಿದಾಗ ಮೂರು ಸುತ್ತುಗಳನ್ನು ಬಿಚ್ಚಿ ಮತ್ತೆ ಹೆಣೆದಳು. ಬಿಚ್ಚಿದರೂ ನೂಲು ನಷ್ಟವಾಗದಿರುವುದು ಈ ಕಲೆಯ ದೊಡ್ಡ ಔದಾರ್ಯ. ತಂಗಿ ಹೊಸ ಟೊಪ್ಪಿಗೆಯನ್ನು ಧರಿಸಿ, ಏನೂ ಹೇಳದೆ, ಸಂಜೆಯವರೆಗೂ ತೆಗೆಯಲಿಲ್ಲ.

ಇಷ್ಟೆಲ್ಲ ತಿದ್ದಿದ ಮೇಲೂ ಟೊಪ್ಪಿಗೆಯ ಮೂಲಕಲ್ಪನೆ ನಮೂನೆ ಬರೆದವರದೇ. ಕೊಂಡ ಹಾಳೆಯನ್ನು ನಕಲು ಮಾಡಿ ಹಂಚುವುದು ಅವರ ಶ್ರಮದ ಫಲವನ್ನು ಕಸಿದಂತೆ. ತಿದ್ದಿ ಬಳಸುವುದು ಜಾಣತನ. ಋಣವನ್ನು ಮರೆಯದಿರುವುದು ಸೌಜನ್ಯ. ಸೂತ್ರವನ್ನು ಕುರುಡಾಗಿ ಅನುಸರಿಸುವವನೂ ಅದನ್ನು ಓದದೆ ಬದಿಗೊತ್ತುವವನೂ ಸಮಾನವಾಗಿ ಸೋಲುತ್ತಾರೆ. ಮೊದಲು ಅರಿತು, ಆಮೇಲೆ ಅಳೆದು, ಬೇಕಾದಷ್ಟನ್ನೇ ಬದಲಿಸುವವನ ಕೆಲಸ ನಿಲ್ಲುತ್ತದೆ. ಎಣಿಕೆಯನ್ನು ಹಾಳೆ ಹೇಳಬಲ್ಲದು. ತಲೆ ಯಾರದೆಂಬುದನ್ನು ಹೆಣೆಯುವವರೇ ತಿಳಿಯಬೇಕು.